ಗಿಳಿಯ ಬಾಲದ ತೇಪೆ

ನಾನು ಓದು ನಿಲ್ಲಿಸಿದ್ದು ೧೯೮೬ರಲ್ಲಿ, ಏಳನೇ ಕ್ಲಾಸಿಗೆ. ಆಮೇಲೆ ಕಲಿತದ್ದೆಲ್ಲ ಕೈಯಿಂದಲೇ: ಮೊದಲು ಹೊಲಿಗೆ, ಆಮೇಲೆ ಪಟಗಳಿಗೆ ಕಟ್ಟು ಹಾಕುವುದು. ಹೊಳೆನರಸೀಪುರದಲ್ಲಿ ನಾನು ಹಾಕಿದ ಕಟ್ಟಿನಲ್ಲಿ ಓರೆ ಹುಡುಕುವವರು ಇನ್ನೂ ಹುಟ್ಟಿಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳಲಿ ಎಂದು ಕಾಯುವಷ್ಟು ಪುರುಸೊತ್ತು ನನಗಿಲ್ಲ.

ಇಂಥ ನಾನು ಅರಕಲಗೂಡಿನ ಗೌರಮ್ಮನವರ ಗಿಳಿಯನ್ನು ಸುಟ್ಟೆ. ಅವರ ತಾಯಿ ಬಟ್ಟೆಯ ಮೇಲೆ ದಾರದಲ್ಲಿ ತೆಗೆದ ಗಿಳಿ ಅದು. ತೀರಿಹೋದ ಆ ತಾಯಿಯದೆಂದು ಮನೆಯಲ್ಲಿ ಉಳಿದಿದ್ದ ಒಂದೇ ವಸ್ತು. ಕಟ್ಟು ಹಾಕುವ ಮುಂಚೆ ಸುಕ್ಕು ಬಿಡಿಸೋಣವೆಂದು ಇಸ್ತ್ರಿ ಇಟ್ಟವನು, ಗಿರಾಕಿಯೊಬ್ಬರಿಗೆ ನನ್ನ ಕೈಕೆಲಸದ ಹೆಚ್ಚುಗಾರಿಕೆ ವಿವರಿಸುತ್ತ ನಿಂತುಬಿಟ್ಟೆ. ಬಾಲದ ತುದಿ ಹೋಯಿತು. ನನ್ನ ಬಿಳಿ ಪಂಚೆಯಿಂದ ಒಂದು ಚೂರು ಕತ್ತರಿಸಿ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೇ ಬಣ್ಣ ಬರಿಸಿ, ತೇಪೆ ಹಾಕಿ, ಅದರ ಮೇಲೆ ಬಾಲ ಹೊಲಿದೆ. ಹಗಲು ಬೆಳಕಿನಲ್ಲಿ ನನಗೇ ಗುರುತು ಸಿಗಲಿಲ್ಲ. ಬಾಯಿ ಬಿಡಲಿಲ್ಲ. ಗೌರಮ್ಮ "ಚೆಂದಾಗದೆ ಕಣಪ್ಪ" ಎಂದು ಒಯ್ದರು.

ಹೋದ ವರ್ಷ ಹಾಸನದ ಕಸೂತಿ ಪ್ರದರ್ಶನಕ್ಕೆ ಆ ಗಿಳಿಯನ್ನು ಕೇಳಿದರು. ಕಟ್ಟು ಬಿಚ್ಚಲು ಗೌರಮ್ಮ ನನ್ನನ್ನೇ ಕರೆದೊಯ್ದರು. ಹಳೇ ಕಲಾಕೃತಿಗಳನ್ನು ಜೋಪಾನ ಮಾಡುವ ವಿದ್ಯೆ ಓದಿಕೊಂಡ ಹುಡುಗಿಯೊಬ್ಬಳು ಕಿಟಕಿ ಮುಚ್ಚಿ ನೇರಳೆ ಬೆಳಕಿನ ಟಾರ್ಚು ಬಿಟ್ಟಳು. ಗಿಳಿಯೆಲ್ಲ ಕತ್ತಲು, ಬಾಲದ ತುದಿ ಮಾತ್ರ ಟ್ಯೂಬ್‌ಲೈಟು! "ಇದು ಈಚಿನ ಬಟ್ಟೆ. ಈಗಿನ ಸೋಪಿನ ಪುಡೀಲಿ ಬಿಳುಪು ಹೆಚ್ಚಿಸೋ ಬಣ್ಣ ಇರುತ್ತೆ, ಈ ಬೆಳಕಿಗೆ ಹೊಳೆಯುತ್ತೆ" ಎಂದಳು. ನನ್ನ ಟೀ ಅದನ್ನು ಮುಚ್ಚಿರಲಿಲ್ಲ.

"ನಾನೇ ಸುಟ್ಟಿದ್ದು ಕಣಮ್ಮ, ತಪ್ಪಾಯ್ತು" ಎಂದೆ.

"ಗೊತ್ತು, ಸುಮ್ಕಿರು" ಎಂದರು ಗೌರಮ್ಮ. "ಮನೆಗೆ ತಗಂಡೋದ ದಿನಾನೇ ಗೊತ್ತಾಯ್ತು. ನಮ್ಮವ್ವ ಯಾವತ್ತು ಇಷ್ಟು ನೆಟ್ಟಗೆ ಒಲಿದಿದ್ಲು? ಅವಳ ಗಿಳಿ ಕೋಳಿ ಇದ್ದಂಗದೆ, ಬಾಲ ಒಂದೇ ಗಿಳೀದು!"

"ಮತ್ಯಾಕಮ್ಮ ಕೇಳ್ಲಿಲ್ಲ?"

"ನೀನೇ ಏಳ್ತೀಯೇನೋ ಅಂತ ಕಾಯ್ತಿದ್ದೆ ಕಣ್ಲಾ. ಆರು ವರ್ಷ ಆಯ್ತು."

ತೇಪೆ ತೆಗೆಯಬೇಕೇ ಎಂದು ಹುಡುಗಿ ಕೇಳಿದಳು. "ಬ್ಯಾಡ ಕಣವ್ವ, ಇರ್ಲಿ. ಅವ್ವ ಬದುಕಿದ್ದಾಗ ಅವಳ ಜೊತೆ ಕೂತು ಒಲಿಯೋಕೆ ಯಾರೂ ಇರ್ಲಿಲ್ಲ" ಎಂದರು ಗೌರಮ್ಮ. ತೇಪೆ ಇದ್ದರೆ ತಪ್ಪಿಲ್ಲ, ಬರೆದಿಡದಿದ್ದರೆ ತಪ್ಪು ಎಂದು ಹುಡುಗಿ ಗಿಳಿಯ ಪಕ್ಕ ಅಂಟಿಸುವ ಚೀಟಿಯಲ್ಲಿ ತಾಯಿಯ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದಳು. ನಾನು ಗೋಡೆಯ ಕಡೆ ತಿರುಗಿ, ಕನ್ನಡಕ ಒರೆಸುವವನಂತೆ ಬಹಳ ಹೊತ್ತು ಒರೆಸಿದೆ.

ಈಗ ನನ್ನ ಬಳಿ ಇರುವುದು ಅಂಗಡಿ ಒಂದು, ಗಾಜು ಕೊಯ್ಯುವ ವಜ್ರ ಎರಡು, ಇನ್ನೂ ಒಪ್ಪಿಕೊಳ್ಳಬೇಕಾದ ತೇಪೆ ಮೂರು: ಚನ್ನರಾಯಪಟ್ಟಣದಲ್ಲಿ ಒಂದು, ಕಟ್ಟಾಯದಲ್ಲಿ ಎರಡು.