ಮುಚ್ಚಳದ ಮೇಲಿನ ಅಂಟು

ಅತ್ತೆ ಹೊರಡುವಾಗ ಆಡಿದ ಒಂದು ಮಾತೇ ಅಳಿಯನ ಅಂದಿನ ಫಜೀತಿಗೆಲ್ಲ ಮೂಲ.

"ನನ್ನ ರೆಕಾರ್ಡ್ ಪ್ಲೇಯರ್ ಮುಚ್ಚಳದ ಮೇಲೆ ಆ ರಿಪೇರಿ ಅಂಗಡಿಯ ಲೇಬಲ್ಲು! ಹಣೆಗೆ ಬ್ಯಾಂಡೇಜು ಸುತ್ತಿದ ಹಾಗಿದೆ. ಸಂಜೆ ಗೆಳತಿಯರು ಹಾಡು ಕೇಳೋಕೆ ಬರ್ತಿದಾರೆ. ಅದನ್ನ ತೆಗೆಯೋಣ ಅಂತ ಈ ಮನೇಲಿ ಒಬ್ಬರಿಗೂ ಅನ್ನಿಸಲ್ಲ."

ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಅಷ್ಟು ಹೇಳಿ ಬಾಗಿಲು ಎಳೆದುಕೊಂಡು ಹೋದರು. ಮಾವ ಆಗಲೇ ಲೈಬ್ರರಿಗೆ ಹೋಗಿದ್ದರು, ಹೆಂಡತಿ ಕೆಲಸಕ್ಕೆ. ರಜೆ ಹಾಕಿ ಮನೆಯಲ್ಲಿ ಉಳಿದವನು ಅಂಚೆ ಕಚೇರಿಯ ಗುಮಾಸ್ತನಾದ ಅಳಿಯ ಒಬ್ಬನೇ.

ಆ ಮನೆಗೆ ಬಂದ ಮೂರು ವರ್ಷದಲ್ಲಿ ಒಂದು ಇಸ್ತ್ರಿಪೆಟ್ಟಿಗೆ, ಎರಡು ನಲ್ಲಿ, ಒಂದು ಗೋಡೆ ಗಡಿಯಾರ ಅವನ ಕೈಯಲ್ಲೇ ಕೊನೆಯುಸಿರೆಳೆದಿದ್ದವು. ಅತ್ತೆ ಒಂದು ದಿನವೂ ಬೈದವರಲ್ಲ. ಅವನು ಯಾವುದಾದರೂ ಸಾಮಾನಿಗೆ ಕೈ ಚಾಚಿದರೆ "ಪರವಾಗಿಲ್ಲ ಬಿಡಿ ಅಳಿಯಂದ್ರೇ, ನೀವು ಕೂತ್ಕೊಳಿ" ಅನ್ನುತ್ತಿದ್ದರು, ಅಷ್ಟೇ. ಬೈದಿದ್ದರೂ ಅಷ್ಟು ಚುಚ್ಚುತ್ತಿರಲಿಲ್ಲ. ಇವತ್ತು ಒಂದು ಕೆಲಸವನ್ನಾದರೂ ನೆಟ್ಟಗೆ ಮಾಡಿ ತೋರಿಸಬೇಕು ಎಂದು ಅಳಿಯ ತೋಳು ಮಡಚಿದ.

ಲೇಬಲ್ಲಿನ ಮೂಲೆಗೆ ಉಗುರು ಹಾಕಿ ಎಳೆದ. ಕಾಗದ ಸಿಪ್ಪೆಯ ಹಾಗೆ ಎದ್ದು ಬಂತು; ಅಂಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಟವಲ್ಲಿನಿಂದ ಉಜ್ಜಿದ. ಟವಲ್ಲಿನ ನೂಲೆಲ್ಲ ಹತ್ತಿಕೊಂಡು, ಗಾಜಿನಂಥ ಪ್ಲಾಸ್ಟಿಕ್ ಮುಚ್ಚಳಕ್ಕೆ ಅಂಗೈಯಗಲ ಗಡ್ಡ ಬೆಳೆಯಿತು.

ಕಿಟಕಿ ತೆರೆದಿತ್ತು. ಎದುರು ಗ್ಯಾರೇಜಿನ ಮೆಕ್ಯಾನಿಕ್ ಕತ್ತು ಚಾಚಿದ.

"ಏನ್ ಸಾರ್, ಹಂಗೆ ಬೆವರ್ತಿದೀರಿ?"

"ಅಂಟು ಹೋಗ್ತಿಲ್ಲ ಕಣಯ್ಯ."

"ಪೆಟ್ರೋಲ್ ಹಾಕಿ ಸಾರ್! ಎಂಥಾ ಗ್ರೀಸೂ ದಾರಿ ಬಿಟ್ಟು ಓಡುತ್ತೆ."

ಮಹಡಿಯ ಮೇಲಿನ ಬ್ಯೂಟಿ ಪಾರ್ಲರಿನಾಕೆ ಬಾಲ್ಕನಿಯಿಂದ ಬಗ್ಗಿದಳು. "ಪೆಟ್ರೋಲ್ ಯಾಕ್ರೀ, ಮನೆ ಸುಡೋಕಾ? ನನ್ನ ಹತ್ರ ಉಗುರು ಬಣ್ಣ ತೆಗೆಯೋ ದ್ರಾವಣ ಇದೆ. ಒಂದೇ ಒರೆಸು!"

ಎರಡು ನಿಮಿಷದಲ್ಲಿ ಇಬ್ಬರೂ ಒಂದೊಂದು ಬಾಟಲಿ ಹಿಡಿದು ನಡುಮನೆಯಲ್ಲಿ ನಿಂತಿದ್ದರು, ಕುಸ್ತಿಗೆ ಇಳಿದ ಪೈಲ್ವಾನರಂತೆ. ಅಳಿಯನಿಗೆ ಅಪರೂಪಕ್ಕೊಂದು ಬುದ್ಧಿ ಹೊಳೆಯಿತು. "ಮೊದಲು ನನ್ನ ಊಟದ ಡಬ್ಬಿ ಮುಚ್ಚಳದ ಮೇಲೆ ನೋಡೋಣ" ಎಂದ. ಅದೂ ಪಾರದರ್ಶಕ ಪ್ಲಾಸ್ಟಿಕ್ಕೇ. ಒಂದು ಅರ್ಧಕ್ಕೆ ಪೆಟ್ರೋಲು, ಇನ್ನೊಂದು ಅರ್ಧಕ್ಕೆ ದ್ರಾವಣ. ನೋಡನೋಡುತ್ತಿದ್ದಂತೆ ಒಂದು ಕಡೆ ಪೊರೆ ಬಂದ ಕಣ್ಣಿನ ಹಾಗೆ ಮಬ್ಬಾಯಿತು, ಇನ್ನೊಂದು ಕಡೆ ಸುಕ್ಕುಗಟ್ಟಿತು.

"ನಿಮ್ಮ ಡಬ್ಬೀನೇ ಸರಿ ಇಲ್ಲ ಬಿಡಿ" ಎಂದು ಇಬ್ಬರೂ ಮೊದಲ ಸಲ ಒಮ್ಮತಕ್ಕೆ ಬಂದರು.

ಅಳಿಯ ಬೀದಿ ಕೊನೆಯ ಕನ್ನಡಕದಂಗಡಿಗೆ ಓಡಿದ. ಅಂಗಡಿಯಾತ ಕತೆ ಕೇಳಿ ನಕ್ಕ.

"ಈ ಥರದ ಪ್ಲಾಸ್ಟಿಕ್ಕು ಎಳೇ ಮಗುವಿನ ಕೆನ್ನೆ ಇದ್ದ ಹಾಗೆ ಸಾರ್. ಕೆರೀಬೇಡಿ. ಅಡುಗೆ ಎಣ್ಣೆ ಎರಡು ತೊಟ್ಟು ಹಚ್ಚಿ ಅರ್ಧ ಗಂಟೆ ಸುಮ್ನೆ ಕೂತ್ಕೊಳಿ. ಆಮೇಲೆ ಬೆರಳಲ್ಲಿ ಮೆಲ್ಲಗೆ ಉರುಳಿಸಿ. ಉಗುರುಬೆಚ್ಚಗಿನ ಸೋಪಿನ ನೀರು, ಈ ಮೆತ್ತನೆ ಬಟ್ಟೆ. ಅಷ್ಟೇ. ಅವಸರ ಮಾಡಿದ್ರೋ, ಕೆಟ್ಟಿರಿ."

ಅಳಿಯ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ. ಅರ್ಧ ಗಂಟೆ ಕಳೆದು ಬೆರಳು ಆಡಿಸಿದರೆ ಅಂಟು ಸಣ್ಣ ಸಣ್ಣ ಉಂಡೆಯಾಗಿ ಉರುಳಿ ಬಂತು. ಸೋಪಿನ ನೀರಲ್ಲಿ ಒರೆಸಿದ. ಮುಚ್ಚಳ ಫಳಫಳ! ಬೆಳಕಿಗೆ ಹಿಡಿದು ನೋಡಿದ.

ಲೇಬಲ್ ಇದ್ದ ಜಾಗದಲ್ಲಿ ಬೆರಳುದ್ದದ ಗೀರು.

"ನಾನ್ ಮುಟ್ಟೇ ಇಲ್ಲಪ್ಪ" ಎಂದು ಅಷ್ಟು ಹೊತ್ತೂ ನೋಡುತ್ತ ನಿಂತಿದ್ದ ಮೆಕ್ಯಾನಿಕ್ ಗ್ಯಾರೇಜಿಗೆ ಕಾಲ್ತೆಗೆದ. "ಟವಲ್ಲಲ್ಲಿ ಹಂಗೆ ತಿಕ್ಕಿದ್ರೆ ಇನ್ನೇನಾಗುತ್ತೆ?" ಎಂದು ಪಾರ್ಲರಿನಾಕೆ ಮಹಡಿ ಹತ್ತಿದಳು. ಅಳಿಯ ಒಬ್ಬನೇ ಕೂತು, ನನ್ನ ಉಗುರಿಗೆ ಬೆಂಕಿ ಹಾಕ ಎಂದು ತನ್ನನ್ನು ತಾನೇ ಶಪಿಸಿಕೊಂಡ.

ಐದಕ್ಕೆ ಹತ್ತು ನಿಮಿಷ ಇರುವಾಗ ಮಾವ ಬಂದರು. ಮುಚ್ಚಳ ನೋಡಿದವರೇ ಬಿಳಿಚಿಕೊಂಡರು.

"ಲೇಬಲ್ ಯಾಕೆ ತೆಗೆದ್ರಿ ಅಳಿಯಂದ್ರೇ?"

"ಮಾವ, ನನ್ನಿಂದ ತಪ್ಪಾಯ್ತು, ಗೀರು..."

"ಗೀರು ನಿಮ್ಮದಲ್ಲ ಮಾರಾಯ್ರೇ, ನಂದು!" ಮಾವ ಪಿಸುಗುಟ್ಟಿದರು. "ರಿಪೇರಿಯಿಂದ ತರುವಾಗ ಗೇಟಿಗೆ ತಾಗಿಸಿಬಿಟ್ಟೆ. ವಾಪಸ್ ಹೋಗಿ ಅಂಗಡಿಯವನ ಹತ್ರ ಲೇಬಲ್ ಕೇಳಿ ಇಸ್ಕೊಂಡು, ಗೀರು ಮುಚ್ಚೋಕೆ ನಾನೇ ಅಂಟಿಸಿದ್ದು."

ಅಳಿಯನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಅದು ನೆಲ ಮುಟ್ಟುವಷ್ಟರಲ್ಲಿ ಅತ್ತೆ ಮೂವರು ಗೆಳತಿಯರೊಂದಿಗೆ ಒಳಗೆ ಬಂದರು. ಮುಚ್ಚಳದ ಮೇಲೆ ಬೆರಳಾಡಿಸಿದರು. ಬೆರಳು ಗೀರಿನ ಮೇಲೆ ನಿಂತಿತು.

"ಇದು ಯಾರ ಕೆಲಸ?"

ಅಳಿಯ ಮಾವನ ಕಡೆ ನೋಡಿದ. ಹೋಂವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗನ ಹಾಗೆ ಮಾವ ಕಿಟಕಿಯ ಆಚೆ ನೋಡುತ್ತಿದ್ದರು. ಅಳಿಯನ ಬಾಯಿಂದ ತಾನಾಗೇ ಮಾತು ಹೊರಟಿತು.

"ನಂದೇ ಅತ್ತೆ."

ಅತ್ತೆ ಅವನನ್ನೇ ಗಟ್ಟಿಯಾಗಿ ನೋಡಿದರು. ಆಮೇಲೆ ಗೆಳತಿಯರ ಕಡೆ ತಿರುಗಿದರು.

"ನೋಡಿದ್ರಾ? ಒಂದು ಸುಳ್ಳಿಲ್ಲ, ಒಂದು ನೆಪ ಇಲ್ಲ. ಬೇರೆಯವರಾಗಿದ್ರೆ ಮೇಲೆ ಏನಾದ್ರೂ ಅಂಟಿಸಿ ಮುಚ್ಚಿಬಿಡ್ತಿದ್ರು!"

ಮಾವನಿಗೆ ಜೋರಾಗಿ ಕೆಮ್ಮು ಬಂತು.

"ಆ ಗೀರು ಹಾಳಾಗಲಿ, ಹಾಡಿಗೇನೂ ಅಡ್ಡಿ ಇಲ್ಲ. ಆದ್ರೆ ಅಂಟು ತೆಗೆದಿರೋ ಚಂದ ನೋಡಿ! ಅಳಿಯಂದ್ರೇ, ಇನ್ನು ಈ ಮನೇಲಿ ಎಲ್ಲೆಲ್ಲಿ ಅಂಟಿದೆಯೋ ಅದೆಲ್ಲ ನಿಮ್ಮದೇ ಜವಾಬ್ದಾರಿ. ಫ್ರಿಜ್ಜು, ವಾಷಿಂಗ್ ಮಷೀನು, ಡಬ್ಬಿಗಳು, ಎಲ್ಲ."

"ನಮ್ಮ ಟೀವಿ ಮೇಲೂ ಒಂದಿದೆ" ಎಂದರು ಒಬ್ಬ ಗೆಳತಿ. "ನಮ್ಮನೇಲಿ ಎಂಟಿವೆ" ಎಂದರು ಇನ್ನೊಬ್ಬರು.

ಒಂದು ದಿನದ ರಜೆ ಹೀಗೆ ಬರುವ ಭಾನುವಾರಗಳನ್ನೆಲ್ಲ ನುಂಗಿಹಾಕಿತು. ಆದರೂ ಅಳಿಯನ ಮುಖ ಅರಳಿತ್ತು. ಅತ್ತೆ ಮೊದಲ ಸಲ ಅವನ ಕೈಗೆ ಕೆಲಸ ಕೊಟ್ಟಿದ್ದರು. ಹಾಡು ಶುರುವಾಯಿತು. ಮಾವ ಕುರ್ಚಿ ಎಳೆದುಕೊಂಡು ಅವನ ಪಕ್ಕ ಬಂದು ಕೂತರು, ಪ್ರೀತಿಯಿಂದ ಹೆಗಲ ಮೇಲೆ ಕೈ ಹಾಕಿದರು, ಕಿವಿಯ ಹತ್ತಿರ ಬಗ್ಗಿದರು.

"ನಿಮ್ಮ ಉಪಕಾರ ಜನ್ಮದಲ್ಲಿ ಮರೆಯಲ್ಲ. ಆದ್ರೆ ಒಂದು ಮಾತು. ಆ ಫ್ರಿಜ್ಜಿನ ಮೇಲಿರೋ ಸ್ಟಿಕ್ಕರ್, ವಾಷಿಂಗ್ ಮಷೀನ್ ಮೇಲಿರೋ ಎರಡು ಸ್ಟಿಕ್ಕರ್... ಅವನ್ನ ಮಾತ್ರ ಮುಟ್ಬೇಡಿ."