ಮೂರು ಹಕಾರದ ಬೀಗ

ಪೆಟ್ಟಿಗೆ, ಬೀರು, ಪುಸ್ತಕದ ಕಪಾಟು ಎಲ್ಲಕ್ಕೂ ಬೀಗ ಹಾಕುವ ನಾನು ಮನೆಯ ವೈಫೈಯನ್ನು ಮಾತ್ರ ವರ್ಷವಿಡೀ ತೆರೆದೇ ಬಿಟ್ಟಿದ್ದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಣ್ಣಿಗೆ ಕಾಣದ್ದನ್ನು ಯಾರು ಕದ್ದಾರು ಎಂಬುದು ನನ್ನ ವಾದ. ಮಂಡ್ಯದ ನಮ್ಮ ಬೀದಿಗೆ ಕೇಬಲ್ಲು ಎಳೆಯುವ ಇಮ್ರಾನ್ ಅದನ್ನು ಒಪ್ಪಲಿಲ್ಲ. "ಬೀಗ ಇಲ್ದಿದ್ರೆ ನೀವು ಕಳ್ಸೋದ್ನ ರಸ್ತೇಲಿ ನಿಂತೋನೂ ಇಣುಕಿ ನೋಡ್ಬೋದು ಸಾರ್. ಎನ್‌ಕ್ರಿಪ್ಷನ್ ಹಾಕಿದ್ರೆ ಅಕ್ಷರ ಎಲ್ಲಾ ಕಲಸಿಹೋಗ್ತವೆ. ಪಾಸ್‌ವರ್ಡ್ ಇಲ್ದೋನಿಗೆ ಏನೂ ತಿಳಿಯಲ್ಲ" ಎಂದ.

ಮರುದಿನ ಬೀಗ ಹಾಕಲು ಅವನು ಬಂದದ್ದು ಒಂಬತ್ತೂಮುಕ್ಕಾಲಿಗೆ. ನಿವೃತ್ತನಾದ ಮೇಲೂ ಹತ್ತಕ್ಕೆ ನಾನು ಗ್ರಂಥಾಲಯದಲ್ಲಿರಬೇಕು. ನಿಯಮ ಎಂದರೆ ನಿಯಮ. ಪಾಸ್‌ವರ್ಡಿನ ಕೆಲಸವನ್ನು ಹೆಂಡತಿ ಜಯಮ್ಮನಿಗೆ ಒಪ್ಪಿಸಿ ಹೊರಟೆ. ಹಳೆಯ ಹುಣಸೆಹಣ್ಣಿಗೆ ಬಿಸಿಲು ಕಾಣಿಸುತ್ತಿದ್ದ ಅವಳು ಅದನ್ನೇ ಹೇಳಿದಳಂತೆ. ಕಿವಿಗೆ ಬಿದ್ದಂತೆ ಇಮ್ರಾನ್ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದನಂತೆ. ಮಧ್ಯಾಹ್ನ ಅವಳು ತಂಗಿಯನ್ನು ನೋಡಲು ಯಲಿಯೂರಿಗೆ ಹೋದಳು.

ನಾಲ್ಕೂವರೆಗೆ ಎದುರುಮನೆಯ ರಮ್ಯ ಲ್ಯಾಪ್‌ಟಾಪು ಅವುಚಿಕೊಂಡು ಓಡಿಬಂದಳು. "ಮೇಷ್ಟ್ರೇ, ನರ್ಸಿಂಗ್ ಕಾಲೇಜಿನ ಅರ್ಜಿಗೆ ಐದ್ ಗಂಟೇಗೆ ಕೊನೆ. ನಿನ್ನೆಗಂಟ ನಿಮ್ ವೈಫೈ ಬತ್ತಿತ್ತು, ಈಗ ಪಾಸ್‌ವರ್ಡ್ ಕೇಳ್ತದೆ!"

ಈ ತಪ್ಪೊಪ್ಪಿಗೆಯನ್ನು ವಿಚಾರಿಸಲು ಅದು ಸಮಯವಾಗಿರಲಿಲ್ಲ. ಜಯಮ್ಮನಿಗೆ ಫೋನು ಮಾಡಿದೆ.

"ಅಳೆಉಣಸೆಅಣ್ಣು ಕಣ್ರೀ! ಮೇಷ್ಟ್ರಾಗಿ ಅಷ್ಟೂ ಬರಿಯಾಕ್ ಬರಲ್ವಾ? ಬಸ್ಸು ಬಂತು, ಮಡುಗ್ತೀನಿ."

ನನ್ನ ಕಿವಿ ಅದನ್ನು ತಾನೇ ತಿದ್ದಿಕೊಂಡಿತು. "ಹಳೆಹುಣಸೆಹಣ್ಣು. ಮೂರು ಹಕಾರ, ಒಂದನ್ನೂ ಬಿಡಬೇಡ" ಎಂದು ತರಗತಿಯ ದನಿಯಲ್ಲಿ ರಮ್ಯಳಿಗೆ ಉಕ್ತಲೇಖನ ಕೊಟ್ಟೆ. ತಪ್ಪು ಎಂದಿತು ಯಂತ್ರ. ಅವಳ ಕೈಯಿಂದ ಲ್ಯಾಪ್‌ಟಾಪು ಕಿತ್ತುಕೊಂಡು ನಾನೇ ಒತ್ತಿದೆ. ಮತ್ತೆ ತಪ್ಪು. ಮದ್ದೂರಿನ ಶಾಲೆಯಲ್ಲಿ ಹಕಾರ ನುಂಗಿದ ಮಕ್ಕಳಿಂದ ಒಂದೊಂದು ಪದವನ್ನೂ ನೂರು ಸಲ ಬರೆಸಿದವನಿಗೆ, ಯಂತ್ರವೊಂದು ಕಾಗುಣಿತ ತಪ್ಪೆಂದು ಹೇಳುತ್ತಿತ್ತು. ಹತ್ತು ನಿಮಿಷ ಉಳಿದಿತ್ತು. ರಮ್ಯಳ ಕಣ್ಣು ತುಂಬಿತ್ತು.

"ಮೇಷ್ಟ್ರೇ, ಅಜ್ಜಿ ಎಂಗಂದ್ರೋ ಅಂಗೇ ಏಳಿ. ತಿದ್ಬ್ಯಾಡಿ."

ಬಾಗಿಲಾಚೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಜೀವನದಲ್ಲಿ ಮೊದಲ ಬಾರಿಗೆ, ಬಾಯಿಬಿಟ್ಟು "ಅಳೆಉಣಸೆಅಣ್ಣು" ಎಂದೆ. ರಮ್ಯ ಕೇಳಿದಂತೆಯೇ ಒತ್ತಿದಳು. ಬೀಗ ತೆರೆಯಿತು. ಐದಕ್ಕೆ ಮೂರು ನಿಮಿಷವಿರುವಾಗ ಅವಳ ಅರ್ಜಿ ಸೇರಿತು.

ಕಣ್ಣೊರೆಸಿಕೊಂಡು ಅವಳು ವಿನಯದಿಂದಲೇ ಕೇಳಿದಳು: "ಮೂರು ಹಕಾರಾನೂ ಆಕಿ ಸರಿ ಮಾಡ್ಬುಡ್ಲಾ ಮೇಷ್ಟ್ರೇ?"

ಬೇಡ ಎಂದೆ. ಬೀದಿಯವರನ್ನು ಹೊರಗಿಡಲೆಂದು ಹಾಕಿಸಿದ ಬೀಗ ಅದು. ಬೀದಿಯಲ್ಲಿ ಯಾರು ಬಾಯಿಬಿಟ್ಟರೂ ತೆರೆದುಕೊಳ್ಳುವ ಅದು ಈವರೆಗೆ ತಡೆದು ನಿಲ್ಲಿಸಿರುವುದು ಒಬ್ಬನನ್ನೇ, ಮನೆಯ ಯಜಮಾನನನ್ನು.