ಡಿಸ್-ತ್ರೀ ಮತ್ತು ರಮಾಬಾಯಿಯ ಮಡಿ

ಆ ಬೆಳಿಗ್ಗೆ ಸುಘೋಷ ಮೊಸರನ್ನದ ಡಬ್ಬಿ ಮರೆತು ಹೋಗದಿದ್ದರೆ ಅವನ ಮೂರು ವರ್ಷದ ಮರ್ಯಾದೆ ಇನ್ನೊಂದಷ್ಟು ದಿನ ಉಳಿಯುತ್ತಿತ್ತು.

ಚೆನ್ನೈನ ಕೀಲ್ಪಾಕಿನ ಒಂದು ಪ್ರಯೋಗಾಲಯದಲ್ಲಿ ಅವನು ಡಿಸ್-ತ್ರೀ ಎಂಬ ಪ್ರೋಟೀನಿನ ಬೆನ್ನು ಹತ್ತಿದ್ದ. ಅದು ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಇಂಥದ್ದನ್ನು ತಯಾರಿಸು ಎಂದು ಜೀವಕೋಶಕ್ಕೆ ಅಪ್ಪಣೆ ಹೊತ್ತು ತರುವ ಎಂ-ಆರ್‌ಎನ್‌ಎ ಎಂಬ ಎಳೆಯನ್ನು, ಕೆಲಸ ಮುಗಿದ ಮೇಲೆ, ಬಾಲದ ಕಡೆಯಿಂದ ತಿಂದು ಮುಗಿಸುವುದು ಅದರ ಕಸುಬು. ಇದನ್ನು ತೋರಿಸಲು ಎರಡು ನಳಿಕೆ ಸಾಕು. ಡಿಸ್-ತ್ರೀ ಹಾಕಿದ ನಳಿಕೆಯಲ್ಲಿ ಎಳೆ ಮಾಯವಾಗಬೇಕು, ಹಾಕದೇ ಬಿಟ್ಟದ್ದರಲ್ಲಿ ಹಾಗೇ ಉಳಿಯಬೇಕು. ಸುಘೋಷ ಮಾಡಿದರೆ ಎರಡರಲ್ಲೂ ಮಾಯವಾಗುತ್ತಿತ್ತು. ನಲವತ್ತು ಸಲ ಮಾಡಿದ್ದ, ನಲವತ್ತು ಸಲವೂ ಅದೇ ಹಾಡು. ಇವತ್ತು ಮೂರು ಗಂಟೆಗೆ ಯೋಜನೆಗೆ ಹಣ ಕೊಡುವ ಸಮಿತಿಯವರು ಬರುವವರಿದ್ದರು. ಅಷ್ಟರಲ್ಲಿ ಒಮ್ಮೆಯಾದರೂ ಸರಿಯಾಗಿ ತೋರಿಸದಿದ್ದರೆ ಮೂವತ್ತಾರನೇ ವಯಸ್ಸಿನಲ್ಲಿ ಅವನಿಗೆ ಕೆಲಸ ಇಲ್ಲ.

ಹತ್ತೂವರೆಗೆ ಡಬ್ಬಿ ಹಿಡಿದು ಸೋದರತ್ತೆ ರಮಾಬಾಯಿ ಬಂದರು. ಜೊತೆಗೆ ಎದುರು ಮನೆಯ ಕಿಟ್ಟು. ನಿವೃತ್ತರಾದ ಮೇಲೆ ಊರ ಉಸಾಬರಿಯೇ ಕಿಟ್ಟು ಅವರ ಉದ್ಯೋಗ. ಏಸಿ ಕೆಟ್ಟು ಪ್ರಯೋಗಾಲಯ ಇಡ್ಲಿ ಪಾತ್ರೆಯಾಗಿತ್ತು. ಸುಘೋಷ ಗ್ಲೌಸ್ ಹಾಕಿದ ಕೈಯಿಂದಲೇ ಹಣೆ ಒರೆಸಿದ, ಫೋನ್ ನೋಡಿದ, ಮೂಗು ತುರಿಸಿದ, ಮತ್ತೆ ನಳಿಕೆಗೆ ಕೈ ಹಾಕಿದ.

"ಥೂ, ಏನ್ ಅನಾಚಾರ ಡಾ ಇದು!" ರಮಾಬಾಯಿ ಬಾಗಿಲಲ್ಲೇ ಕೂಗಿದರು. "ಮೂಗು ಮುಟ್ಟಿದ ಕೈಲಿ ಅದನ್ನ ಮುಟ್ತೀಯಲ್ಲೋ!"

"ಅತ್ತೆ, ಗ್ಲೌಸ್ ಇದೆ."

"ಗ್ಲೌಸಿಗೆ ಮೈಲಿಗೆ ಆಗಲ್ವೋ?"

ಗಲಾಟೆ ಕೇಳಿ ಮುಖ್ಯಸ್ಥೆ ಡಾಕ್ಟರ್ ವಿಮಲಾ ಕೋಣೆಯಿಂದ ಹೊರಬಂದರು. ಮೈಸೂರಿನವರು. "ಅಮ್ಮಾ, ನಾನೂ ಅದನ್ನೇ ಬಡ್ಕೋತಿದೀನಿ. ಬೆವರು, ಎಂಜಲು, ಎಲ್ಲದರಲ್ಲೂ ಆರ್‌ಎನ್‌ಎ ತಿನ್ನೋ ಪ್ರೋಟೀನ್ ಇರುತ್ತೆ. ಒಂಚೂರು ತಾಗಿದ್ರೂ ಮುಗೀತು."

"ಅಂದ್ರೆ ಮಡಿ. ಇಷ್ಟಕ್ಕೆ ಇವನು ಪಿಎಚ್‌ಡಿ ಮಾಡಬೇಕಿತ್ತಾ?"

ವಿಮಲಾ ಗಡಿಯಾರ ನೋಡಿದರು, ಸುಘೋಷನ ಕೈ ನೋಡಿದರು, ಆಮೇಲೆ ರಮಾಬಾಯಿಯನ್ನು ನೋಡಿದರು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. "ಅಮ್ಮಾ, ನಾನು ಹೇಳ್ಕೊಡ್ತೀನಿ. ಇವತ್ತು ನೀವೇ ಮಾಡಿಬಿಡ್ತೀರಾ?"

"ಅದಕ್ಕೇನು, ಮಾಡೋಣ. ಆದ್ರೆ ಆಟೋದಲ್ಲಿ ಬಂದಿದೀನಿ. ಸ್ನಾನ ಎಲ್ಲಿ?"

ಮೈಮೇಲೆ ಆಸಿಡ್ ಬಿದ್ದರೆ ಇರಲಿ ಎಂದು ಕಾರಿಡಾರಿನಲ್ಲಿ ಒಂದು ತುರ್ತು ಶವರ್ ಇತ್ತು. ಕಟ್ಟಡ ಕಟ್ಟಿದಾಗಿನಿಂದ ಅದರ ಸರಪಳಿಯನ್ನು ಯಾರೂ ಎಳೆದಿರಲಿಲ್ಲ. ರಮಾಬಾಯಿ ಎಳೆದರು. ನೀರು ಧೋ ಎಂದು ಸುರಿಯಿತು, ಎಲ್ಲ ಮಹಡಿಗಳಲ್ಲೂ ಅಲಾರಂ ಹೊಡೆಯಿತು, ವಾಚ್‌ಮನ್ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಓಡಿಬಂದ.

"ಬೆಂಕಿ ಇಲ್ಲಪ್ಪಾ, ಮಡಿ!" ಎಂದು ಕಿಟ್ಟು ಅವನನ್ನು ತಡೆದರು.

ಒದ್ದೆ ಸೀರೆಯ ಮೇಲೆ ಬಿಳಿ ಕೋಟು, ಕೈಗೆ ಹೊಸ ಗ್ಲೌಸ್ ತೊಟ್ಟು ರಮಾಬಾಯಿ ಒಳಗೆ ಹೋದರು. ಸುಘೋಷನನ್ನು ಹೊಸ್ತಿಲಾಚೆ ನಿಲ್ಲಿಸಿದರು. "ಮಾತಾಡಿದ್ರೆ ಎಂಜಲು ಹಾರತ್ತೆ" ಎಂದು ಗದರಿಸಿ ವಿಮಲಾ ಅವರಿಗೂ ಮಾಸ್ಕ್ ಹಾಕಿಸಿದರು. ದೇವರ ದೀಪಕ್ಕೆ ತೊಟ್ಟುತೊಟ್ಟಾಗಿ ಎಣ್ಣೆ ಬಿಟ್ಟು ಪಳಗಿದ ಕೈ. ಒಂದು ಹನಿಯೂ ಆಚೀಚೆ ಆಗಲಿಲ್ಲ. ತಾನು ಮೂರು ವರ್ಷ ಒದ್ದಾಡಿದ ಕೆಲಸ ಅತ್ತೆಯ ಕೈಯಲ್ಲಿ ಹೀಗೆ ಸಲೀಸಾಗಿ ಸಾಗುವುದನ್ನು ಬಾಗಿಲಾಚೆಯಿಂದ ನೋಡುತ್ತ ಸುಘೋಷನಿಗೆ ಹೊಟ್ಟೆಕಿಚ್ಚೂ ಆಯಿತು, ಆಸೆಯೂ ಹುಟ್ಟಿತು.

ಸಮಿತಿಯ ಇಬ್ಬರು ಹಿರಿಯರು ಮೂರಕ್ಕೆ ಸರಿಯಾಗಿ ಬಂದರು. ಫಲಿತಾಂಶ ಪರದೆಯ ಮೇಲೆ ಮೂಡುವವರೆಗೆ ಕಿಟ್ಟು ಅವರಿಗೆ ಸುಘೋಷನ ಬಾಲಲೀಲೆಗಳನ್ನು ಹೇಳಿ ಮುಗಿಸಿದರು.

ಮೊದಲು ಕಂಡದ್ದು ಡಿಸ್-ತ್ರೀ ಹಾಕದ ನಳಿಕೆಯ ಫಲ. ಎಳೆ ಮುಕ್ಕಾಗದೆ ದಪ್ಪ ಗೆರೆಯಾಗಿ ಕೂತಿತ್ತು. ನಲವತ್ತೊಂದನೇ ಸಲಕ್ಕೆ ಗೆದ್ದ ಸುಘೋಷ ಕಿಟ್ಟು ಅವರನ್ನು ತಬ್ಬಿಕೊಂಡು ಕುಣಿದೇಬಿಟ್ಟ.

"ಇರು ಪಾ, ಇನ್ನೊಂದು ನೋಡು," ಎಂದರು ಕಿಟ್ಟು.

ಡಿಸ್-ತ್ರೀ ಹಾಕಿದ ನಳಿಕೆಯದೂ ಅಷ್ಟೇ ದಪ್ಪ ಗೆರೆ. ಪ್ರೋಟೀನು ಒಂದು ತುತ್ತೂ ತಿಂದಿರಲಿಲ್ಲ. ಮೂರು ವರ್ಷ ಅವನು ಮಂಜುಗಡ್ಡೆಯಲ್ಲಿಟ್ಟು ಜೋಪಾನ ಮಾಡಿದ್ದು ಯಾವತ್ತೋ ಕೆಟ್ಟುಹೋದ ಸರಕು.

"ಹಾಗಾದರೆ ಇಷ್ಟು ದಿನ ತಿಂದದ್ದು ಯಾರು?" ಹಿರಿಯರೊಬ್ಬರು ತಮಿಳಿನಲ್ಲಿ ಕೇಳಿದರು.

ಎಲ್ಲರ ಕಣ್ಣೂ ಸುಘೋಷನ ಕೈಯ ಮೇಲೆ ಬಿತ್ತು.

"ರಿಪೇರಿ ಮಾಡ್ತೀನಿ ಅಂತ ಕೈ ಹಾಕಿ ನಮ್ಮ ಮಿಕ್ಸೀನೂ ಇವನೇ ತಿಂದದ್ದು," ಎಂದರು ಕಿಟ್ಟು.

ಹಿರಿಯರು ಬರೀ ಎಳೆಯಿದ್ದ ಮೂರನೇ ನಳಿಕೆ ತರಿಸಿ ಅದರಲ್ಲಿ ಸುಘೋಷನ ಕಿರುಬೆರಳು ಅದ್ದಿಸಿದರು. ಎರಡು ಸುತ್ತು ಕಾಫಿ ಮುಗಿಸಿ ನೋಡಿದರೆ ಎಳೆಯ ಸುಳಿವೇ ಇರಲಿಲ್ಲ. ಹಿರಿಯರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಇಷ್ಟು ಹಸಿದ ಮಾನವ ಪ್ರೋಟೀನನ್ನು ತಮ್ಮ ಜನ್ಮದಲ್ಲಿ ಕಂಡಿಲ್ಲ, ಇದನ್ನು ಬಿಡಬಾರದು ಎಂದರು. ಯೋಜನೆಯನ್ನು ಅಲ್ಲೇ ಇನ್ನೊಂದು ವರ್ಷಕ್ಕೆ ಮುಂದುವರಿಸಿದರು. ಪ್ರಯೋಗ ಮಾಡುವವರ ಜಾಗದಲ್ಲಿ ರಮಾಬಾಯಿಯ ಹೆಸರು ಬರೆದರು. ಸುಘೋಷನ ಹೆಸರೂ ಇತ್ತು, ಸ್ಯಾಂಪಲ್‌ಗಳ ಪಟ್ಟಿಯಲ್ಲಿ.

ಹೊಸ್ತಿಲಾಚೆ ನಿಂತ ಸುಘೋಷನಿಗೆ ಅಳುವೂ ಬಂತು, ಸೆಖೆಯೂ ತಡೆಯಲಾಗಲಿಲ್ಲ. ಮುಖ ಒರೆಸಿಕೊಳ್ಳಲು ಕರವಸ್ತ್ರ ತೆಗೆದ.

"ಒರೆಸ್ಕೋಬೇಡವೋ!" ಒಳಗಿನಿಂದ ರಮಾಬಾಯಿ ಗದರಿಸಿದರು. "ಆ ಬೆವರು ಇನ್ಮೇಲೆ ಆಫೀಸಿಂದು."